ಒಂದು ಲಾರಿಗೆ ಮೂರು ತೂಕ

ದಿಂಡಿಗಲ್ಲಿನಿಂದ ಕೇರಳದ ಗಡಿಯಲ್ಲಿರುವ ಕುಮಳಿಗೆ ಸುಮಾರು 135 ಕಿಲೋಮೀಟರ್ ದಾರಿ. ಸೆಂಪಟ್ಟಿ, ಬತ್ತಲಗುಂಡು, ದೇವದಾನಪಟ್ಟಿ, ಪೆರಿಯಕುಳಂ ದಾಟಿದರೆ ತೇನಿ. ಅಲ್ಲಿಂದ ಚಿನ್ನಮನೂರು, ಉತ್ತಮಪಾಳ್ಯಂ, ಕಂಬಂ, ಗೂಡಲೂರು. ಲೋವರ್ ಕ್ಯಾಂಪಿನಲ್ಲಿ ಬಯಲು ಮುಗಿದು ಘಾಟಿ ಶುರುವಾಗುತ್ತದೆ. ಪೆರಿಯಾರ್ ವಿದ್ಯುತ್ ಕೇಂದ್ರಕ್ಕೆ ನೀರಿಳಿಸುವ ದೊಡ್ಡ ಕೊಳವೆಗಳ ಮೇಲೆ ಹಾದುಹೋಗುವ ಆ ಘಾಟಿಯನ್ನು ದಿನವೂ ನೂರಾರು ಲಾರಿಗಳು ಏರುತ್ತವೆ. ಒಡ್ಡನ್‌ಛತ್ರಂ ಸಂತೆಯ ತರಕಾರಿ, ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿ ಮತ್ತು ಬಾಳೆ, ಸಿಮೆಂಟು, ಕಬ್ಬಿಣ, ಜಲ್ಲಿ, ಎಂ-ಸ್ಯಾಂಡ್ ಎಲ್ಲವೂ ಈ ದಾರಿಯಲ್ಲೇ ಪಶ್ಚಿಮಕ್ಕೆ ಹೋಗಬೇಕು. ಇಲ್ಲವಾದರೆ ಕಂಬಂಮೆಟ್ಟು ಅಥವಾ ಬೋಡಿಮೆಟ್ಟು ಹತ್ತಬೇಕು. ಮಧುರೆ–ಬೋಡಿನಾಯಕನೂರು ರೈಲು ಮಾರ್ಗವನ್ನು ಹಳಿ ಅಗಲಿಸಲೆಂದು 2010ರ ಕೊನೆಗೆ ಮುಚ್ಚಲಾಯಿತು. ತೇನಿಗೆ ಮತ್ತೆ ರೈಲು ಬಂದದ್ದು 2022ರ ಮೇ ತಿಂಗಳಲ್ಲಿ, ಬೋಡಿಗೆ 2023ರ ಜೂನಿನಲ್ಲಿ. ಅದೂ ಘಾಟಿಯ ಬುಡದಲ್ಲೇ ನಿಲ್ಲುವ ರೈಲು. ಹೀಗಾಗಿ ಕೇರಳದ ಕಡೆಗೆ ಹೊರಟ ಸರಕಿಗೆಲ್ಲ ಲಾರಿಯೇ ಗತಿ.

ಕನ್ನಡ ಓದುಗರಿಗೆ ಈ ನಾಡು ತೀರ ಪರದೇಶವಲ್ಲ. ದಿಂಡಿಗಲ್ಲು ಹೈದರಾಲಿ ಫೌಜುದಾರನಾಗಿದ್ದ ಊರು. 1792ರ ಶ್ರೀರಂಗಪಟ್ಟಣದ ಒಪ್ಪಂದದ ತನಕ ಅದು ಮೈಸೂರಿನ ಕೈಯಲ್ಲಿತ್ತು. ಕಂಬಂ ಕಣಿವೆಯ ಹಳ್ಳಿಗಳಲ್ಲಿ ಶತಮಾನಗಳ ಹಿಂದೆ ದನಗಳೊಂದಿಗೆ ಬಂದು ನೆಲೆಸಿದ ಕಪ್ಪಿಲಿಯರು, ಒಕ್ಕಲಿಗರು ಬೀದಿಯಲ್ಲಿ ತಮಿಳಾಡಿದರೂ ಮನೆಯೊಳಗೆ ತಮ್ಮದೇ ಹಳೆಯ ಕನ್ನಡ ಉಳಿಸಿಕೊಂಡಿದ್ದಾರೆ. ಈ ಲೇಖನದ ವಿಷಯಕ್ಕೂ ಎರಡು ಭಾಷೆಗಳಲ್ಲಿ ಒಂದೇ ಪದವಿದೆ. ಅದು ಮಾಮೂಲು. ಉರ್ದುವಿನ ದಾರಿಯಿಂದ ಎರಡೂ ಕಡೆಗೆ ಬಂದ ಈ ಪದದ ಮೂಲ ಅರ್ಥ ವಾಡಿಕೆ, ರೂಢಿ. ಲಂಚ ಎಂದಾಗ ಕಿವಿಗೆ ಅಪರಾಧವೊಂದು ಕೇಳಿಸುತ್ತದೆ, ಮಾಮೂಲು ಎಂದಾಗ ಪದ್ಧತಿಯೊಂದು ಕೇಳಿಸುತ್ತದೆ. ಮಿತಿಮೀರಿ ಹೇರು ಹೊತ್ತ ಲಾರಿಯ ಸಮಸ್ಯೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಎರಡನೆಯ ಪದದಿಂದ ಹೊರಡುವುದೇ ಸರಿ. ಇಲ್ಲಿ ನಡೆಯುವ ವ್ಯವಹಾರ ಆಕಸ್ಮಿಕವಲ್ಲ. ಅದು ಬಾಡಿಗೆಯ ದರದಲ್ಲೇ ಸೇರಿಹೋಗಿರುವ ಒಂದು ಬಾಬತ್ತು.

ಯೂನಿಟ್ಟಿನ ವ್ಯಾಪಾರ, ಟನ್ನಿನ ಕಾನೂನು

ಕ್ರಷರ್ ಅಂಗಳದಲ್ಲಿ ಯಾರೂ ಟನ್ನಿನಲ್ಲಿ ಮಾತಾಡುವುದಿಲ್ಲ. ಅಲ್ಲಿನ ಅಳತೆ ಯೂನಿಟ್. ನೂರು ಘನ ಅಡಿಗೆ ಒಂದು ಯೂನಿಟ್. ಎಂ-ಸ್ಯಾಂಡ್ ಆದರೆ ಒಂದು ಯೂನಿಟ್ಟಿಗೆ ಸುಮಾರು ನಾಲ್ಕೂವರೆಯಿಂದ ಐದು ಟನ್ ತೂಕ ಬರುತ್ತದೆ, ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ಹತ್ತು ಚಕ್ರದ, ಮೂರು ಆಕ್ಸಲ್ಲಿನ ಟಿಪ್ಪರಿಗೆ ಕಾನೂನು ಒಪ್ಪುವ ಒಟ್ಟು ತೂಕ 28.5 ಟನ್. ಗಾಡಿಯ ಸ್ವಂತ ಭಾರ ಹತ್ತು ಟನ್ನಿನ ಆಸುಪಾಸು ಎಂದು ಹಿಡಿದರೆ ಉಳಿಯುವುದು ಹದಿನೆಂಟು ಟನ್, ಅಂದರೆ ನಾಲ್ಕು ಯೂನಿಟ್. ಆದರೆ ತೊಟ್ಟಿಯ ಪಕ್ಕಗಳಿಗೆ ಹಲಗೆಯನ್ನೋ ತಗಡನ್ನೋ ಏರಿಸಿ ಕಟ್ಟಿದರೆ ಅದೇ ಗಾಡಿ ಆರು ಯೂನಿಟ್ ನುಂಗುತ್ತದೆ. ಟಾರ್ಪಾಲು ಹೊದಿಸಿದ ಮೇಲೆ ಹೊರಗಿನಿಂದ ನೋಡುವವನಿಗೆ ತಿಳಿಯುವುದು ಕಷ್ಟ. ಲೋಡರ್ ಓಡಿಸುವವನಿಗೆ ಮಾತ್ರ ಎಷ್ಟು ಬಕೆಟ್ ಸುರಿದೆನೆಂಬುದು ಕರಾರುವಾಕ್ಕಾಗಿ ಗೊತ್ತು.

ಹೀಗೆ ಹೊರಟ ಲಾರಿಗೆ ಮೂರು ತೂಕಗಳಿರುತ್ತವೆ. ಮೊದಲನೆಯದು ಖನಿಜ ಸಾಗಿಸಲು ಕೊಡುವ ಚೀಟಿಯಲ್ಲಿ ಬರೆದದ್ದು. ತಮಿಳರು ಅದನ್ನು ನಡೈಚ್ಚೀಟ್ಟು ಅನ್ನುತ್ತಾರೆ, ನಮ್ಮಲ್ಲಿ ಪರ್ಮಿಟ್ಟು. ಅದರಲ್ಲಿನ ಸಂಖ್ಯೆ ಕಾನೂನಿನ ಮಿತಿಯೊಳಗೇ ಇರುತ್ತದೆ, ಇರಲೇಬೇಕು. ಎರಡನೆಯದು ಕೊಳ್ಳುವವನು ದುಡ್ಡು ಎಣಿಸುವ ಅಳತೆ. ವ್ಯಾಪಾರದಲ್ಲಿ ಮೋಸವಾಗಬಾರದಾದ್ದರಿಂದ ಅದು ಬಹುಮಟ್ಟಿಗೆ ನಿಜ. ಮೂರನೆಯದು ರಸ್ತೆ ಹೊರುವ ತೂಕ, ಅದನ್ನು ಬರೆದಿಡುವವರಿಲ್ಲ. ಮೊದಲನೆಯ ತೂಕಕ್ಕೂ ಎರಡನೆಯದಕ್ಕೂ ನಡುವಿನ ಅಂತರದಲ್ಲಿ ಸರ್ಕಾರದ ರಾಜಧನ ಸೋರಿಹೋಗುತ್ತದೆ. ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವಿನ ಅಂತರದಲ್ಲಿ ಮಾಮೂಲು ಹುಟ್ಟುತ್ತದೆ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಕ್ವಾರಿ ಮತ್ತು ಕ್ರಷರ್ ಮಾಲೀಕರು ಮುಷ್ಕರ ಹೂಡಿದಾಗ, ರಾಜಧನವನ್ನು ಘನಮೀಟರಿನ ಬದಲು ಟನ್ ಲೆಕ್ಕದಲ್ಲಿ ವಿಧಿಸುವುದೂ ಅವರ ತಕರಾರುಗಳಲ್ಲಿ ಒಂದಾಗಿತ್ತು. ಅಳತೆಗೋಲಿನ ಬದಲಾವಣೆ ಲೆಕ್ಕಪತ್ರದವರ ಸಣ್ಣ ವಿಷಯದಂತೆ ತೋರಬಹುದು. ಅದಕ್ಕಾಗಿ ಒಂದು ಉದ್ಯಮವೇ ಬೀದಿಗಿಳಿಯಿತೆಂದರೆ ಅಳತೆಯೊಳಗೆ ಎಷ್ಟು ಹಣ ಅಡಗಿದೆಯೆಂದು ಊಹಿಸಬಹುದು.

ಬೇಡಿಕೆ ಹುಟ್ಟುವುದು ಘಾಟಿಯ ಆಚೆ. ನದಿ ಮರಳು ತೆಗೆಯುವುದಕ್ಕೆ ಕೇರಳ 2001ರಲ್ಲೇ ಕಟ್ಟುನಿಟ್ಟಿನ ಕಾಯ್ದೆ ತಂದಿತು. ಪಶ್ಚಿಮಘಟ್ಟದ ಕುರಿತ 2011 ಮತ್ತು 2013ರ ತಜ್ಞ ವರದಿಗಳು, 2018ರ ಮಹಾಪ್ರವಾಹ ಇವೆಲ್ಲದರ ನಂತರ ಅಲ್ಲಿ ಕಲ್ಲು ಒಡೆಯುವುದು ರಾಜಕೀಯವಾಗಿಯೂ ದುಬಾರಿಯಾಯಿತು. ಮನೆ ಕಟ್ಟುವುದು ಮಾತ್ರ ನಿಲ್ಲಲಿಲ್ಲ. ತಮ್ಮ ಬೆಟ್ಟ ಉಳಿಸಿಕೊಂಡವರ ಮನೆಗೆ ಪಕ್ಕದವರ ಬೆಟ್ಟದಿಂದ ಕಲ್ಲು ಹೋಗುತ್ತದೆ. ಕೊಡಗು, ದಕ್ಷಿಣ ಕನ್ನಡ, ಚಾಮರಾಜನಗರದ ಗಡಿಗಳನ್ನು ಬಲ್ಲ ನಮಗೆ ಈ ಹರಿವು ಹೊಸದಲ್ಲ.

ರಸ್ತೆ ಇಡುವ ಲೆಕ್ಕ

ಭಾರ ಹೆಚ್ಚಿದಷ್ಟೇ ರಸ್ತೆ ಸವೆಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಎಂಜಿನಿಯರುಗಳ ಲೆಕ್ಕ ಬೇರೆ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬಲ್ಲಿ 1958ರಿಂದ 1960ರವರೆಗೆ ಪರೀಕ್ಷೆಗೆಂದೇ ರಸ್ತೆಗಳನ್ನು ಕಟ್ಟಿ, ಅವುಗಳ ಮೇಲೆ ಲಾರಿಗಳನ್ನು ಹಗಲಿರುಳು ಓಡಿಸಿ ನೋಡಲಾಯಿತು. ಅದರಿಂದ ಹೊರಬಂದ ಸೂತ್ರವೇ ಇಂದಿಗೂ ಬಹುತೇಕ ದೇಶಗಳ ರಸ್ತೆ ವಿನ್ಯಾಸದ ಬುನಾದಿ. ಒಂದು ಆಕ್ಸಲ್ಲಿನ ಭಾರ ಹೆಚ್ಚಿದರೆ ರಸ್ತೆಗೆ ಆಗುವ ಹಾನಿ ಅದರ ಸರಿಸುಮಾರು ನಾಲ್ಕನೇ ಘಾತದಲ್ಲಿ ಏರುತ್ತದೆ. ಭಾರ ಇಮ್ಮಡಿಯಾದರೆ ಹಾನಿ ಹದಿನಾರು ಪಟ್ಟು. ನಮ್ಮ ಟಿಪ್ಪರನ್ನೇ ತೆಗೆದುಕೊಳ್ಳೋಣ. ಅದರ ಹಿಂದಿನ ಜೋಡಿ ಆಕ್ಸಲ್ಲಿಗೆ ಅನುಮತಿ 21 ಟನ್. ಅಲ್ಲಿ 30 ಟನ್ ಕೂತರೆ ತೂಕ ಹೆಚ್ಚಿದ್ದು ಶೇಕಡ 43ರಷ್ಟು, ರಸ್ತೆ ಅನುಭವಿಸುವುದು ನಾಲ್ಕು ಲಾರಿಗಳ ಪೆಟ್ಟು. ಹೆಚ್ಚುವರಿ ಹೇರಿನ ಲಾಭ ಎಷ್ಟೆಂದು ಮಾಲೀಕನಿಗೆ ಗೊತ್ತು, ಅದರಲ್ಲಿ ತನ್ನ ಪಾಲು ಎಷ್ಟೆಂದು ತಡೆದು ನಿಲ್ಲಿಸುವವನಿಗೆ ಗೊತ್ತು. ಉಳಿದ ಖರ್ಚು ಮುಂದಿನ ಮಳೆಗಾಲದ ಗುಂಡಿಯಾಗಿ, ಲೋಕೋಪಯೋಗಿ ಇಲಾಖೆಯ ಮರುಡಾಂಬರಿನ ಅಂದಾಜುಪಟ್ಟಿಯಾಗಿ ಎಲ್ಲರ ಹೆಸರಿನಲ್ಲಿ ಬರುತ್ತದೆ.

ಘಾಟಿಯಲ್ಲಿ ಇನ್ನೊಂದು ಲೆಕ್ಕವಿದೆ. ಇಳಿಜಾರಿನಲ್ಲಿ ಗಾಡಿಯ ಭಾರವನ್ನೆಲ್ಲ ಹಿಡಿಯಬೇಕಾದದ್ದು ಬ್ರೇಕು. ತಯಾರಕ ಲೆಕ್ಕ ಹಾಕಿಟ್ಟ ಭಾರಕ್ಕಿಂತ ಹತ್ತು ಟನ್ ಹೆಚ್ಚಾದರೆ ಡ್ರಮ್ಮುಗಳು ಕಾದು ಹಿಡಿತ ಬಿಡುತ್ತವೆ. ಶಬರಿಮಲೆಯ ಮಂಡಲ–ಮಕರವಿಳಕ್ಕು ತಿಂಗಳುಗಳಲ್ಲಿ ಯಾತ್ರಿಕರ ವ್ಯಾನುಗಳು ಇಳಿಯುವ, ಏರುವ ದಾರಿಯೂ ಇದೇ.

ದಂಡ ಏರಿದಾಗ ಏರಿದ್ದು ಬೇರೇನೋ

1988ರ ಮೋಟಾರು ವಾಹನ ಕಾಯ್ದೆಯ 113ನೇ ಸೆಕ್ಷನ್ ತೂಕದ ಮಿತಿ ಹೇಳುತ್ತದೆ, 194ನೇ ಸೆಕ್ಷನ್ ದಂಡ ಹೇಳುತ್ತದೆ. 2019ರ ತಿದ್ದುಪಡಿಗೆ ಮೊದಲು ಕನಿಷ್ಠ ದಂಡ ಎರಡು ಸಾವಿರ ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಒಂದು ಸಾವಿರ. ಹತ್ತು ಟನ್ ಹೆಚ್ಚಿದ್ದರೆ ಒಟ್ಟು 12 ಸಾವಿರ. 2019ರ ಸೆಪ್ಟೆಂಬರ್ 1ರಿಂದ ಅದು 20 ಸಾವಿರ ಮತ್ತು ಟನ್ನಿಗೆ ಎರಡು ಸಾವಿರವಾಯಿತು. ಹತ್ತು ಟನ್ನಿಗೆ 40 ಸಾವಿರ. ಜೊತೆಗೆ ಹೆಚ್ಚುವರಿ ಸರಕನ್ನು ಇಳಿಸದೆ ಗಾಡಿ ಮುಂದೆ ಹೋಗುವಂತಿಲ್ಲ. ಕಾಗದದ ಮೇಲೆ ಇದು ಬಿಗಿಯಾದ ಕಾನೂನು. ದಾರಿಯ ಮೇಲೆ ಏನಾಗುತ್ತದೆಂದು ನೋಡೋಣ. ಲೆಕ್ಕಕ್ಕೆಂದು ಟನ್ನಿಗೆ 600 ರೂಪಾಯಿ ಬಾಡಿಗೆ ಹಿಡಿದರೆ ಆ ಹತ್ತು ಟನ್ನಿನಿಂದ ಬರುವ ಹೆಚ್ಚುವರಿ ಆದಾಯ ಆರು ಸಾವಿರ. ಸಿಕ್ಕಿಬಿದ್ದರೆ ಹೋಗುವುದು ನಲವತ್ತು ಸಾವಿರ. ಪ್ರತಿ ಸಲವೂ ಸಿಕ್ಕಿಬೀಳುವುದು ಖಚಿತವಾಗಿದ್ದರೆ ಯಾರೂ ಹೇರುತ್ತಿರಲಿಲ್ಲ. ಹಿಡಿಯುವುದೂ ಬಿಡುವುದೂ ಒಬ್ಬನ ಇಚ್ಛೆಗೆ ಬಿಟ್ಟಿದ್ದಾಗ ದಂಡದ ಏರಿಕೆ ಆ ಒಬ್ಬನ ಚೌಕಾಶಿಯ ಬಲವನ್ನು ಏರಿಸುತ್ತದೆ. ಹನ್ನೆರಡು ಸಾವಿರ ತಪ್ಪಿಸಲು ಐನೂರು ಕೊಡುತ್ತಿದ್ದವನು ನಲವತ್ತು ಸಾವಿರ ತಪ್ಪಿಸಲು ಎಷ್ಟು ಕೊಡಬಹುದೆಂದು ಎದುರಿಗಿರುವವನಿಗೂ ಲೆಕ್ಕ ಬರುತ್ತದೆ.

ಕಾನೂನಿನೊಳಗೇ ಒಂದು ವಿಚಿತ್ರವೂ ಇದೆ. ತೂಕ ಮಾಡಿಸಲು ನಿಲ್ಲದೆ ಓಡಿಹೋದವನಿಗೂ ದಂಡ 40 ಸಾವಿರವೇ. ಹತ್ತು ಟನ್ನಿಗಿಂತ ಹೆಚ್ಚು ಹೇರಿದವನಿಗೆ ನಿಲ್ಲುವುದಕ್ಕಿಂತ ಓಡುವುದು ಅಗ್ಗ. ಇನ್ನು 114ನೇ ಸೆಕ್ಷನ್ನಿನ ಪ್ರಕಾರ ಅಧಿಕಾರಿ ಅನುಮಾನ ಬಂದ ಲಾರಿಯನ್ನು ಮುಂದಿನ ದಾರಿಯಿಂದ ಹತ್ತು ಕಿಲೋಮೀಟರ್ ಅಥವಾ ತಲುಪಬೇಕಾದ ಊರಿನಿಂದ ಇಪ್ಪತ್ತು ಕಿಲೋಮೀಟರ್ ಒಳಗಿನ ತೂಕದ ಯಂತ್ರಕ್ಕೆ ಮಾತ್ರ ಕಳುಹಿಸಬಲ್ಲ. ಕಣಿವೆಯಂಥ ಜಾಗದಲ್ಲಿ ಹತ್ತಿರ ಸಿಗುವ ವೇಬ್ರಿಡ್ಜು ಹಲವು ಸಲ ಖಾಸಗಿಯದು. ಅದರ ಗಿರಾಕಿಗಳು ಅದೇ ಲಾರಿಗಳು.

ಕೆಲವು ರಾಜ್ಯಗಳು ಒಮ್ಮೆ ಈ ಪದ್ಧತಿಗೆ ಸರ್ಕಾರಿ ಮುದ್ರೆಯನ್ನೇ ಒತ್ತಿದ್ದವು. ಮುಂಗಡ ಹಣ ಕಟ್ಟಿಸಿಕೊಂಡು ಟೋಕನ್, ಗೋಲ್ಡ್ ಕಾರ್ಡ್ ಹೆಸರಿನಲ್ಲಿ ಹೆಚ್ಚು ಹೇರಲು ಪರೋಕ್ಷವಾಗಿ ಅನುವು ಮಾಡಿಕೊಟ್ಟಿದ್ದವು. 2005ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ತಡೆ ಹಾಕಿತು. ದಂಡ ಕಟ್ಟಿದ ಮಾತ್ರಕ್ಕೆ ಹೆಚ್ಚುವರಿ ಭಾರದೊಂದಿಗೆ ಮುಂದೆ ಸಾಗುವ ಹಕ್ಕು ಬರುವುದಿಲ್ಲ ಎಂಬುದು ಆ ತೀರ್ಪಿನ ಸಾರ. ಸರ್ಕಾರದ ಟೋಕನ್ ಹೋಯಿತು. ಖಾಸಗಿ ಟೋಕನ್ ಹೋಯಿತೇ ಎಂಬುದನ್ನು ಯಾವ ಲಾರಿ ಬುಕಿಂಗ್ ಆಫೀಸಿನ ಕಟ್ಟೆಯಲ್ಲಿ ಕೂತು ಕೇಳಿದರೂ ತಿಳಿಯುತ್ತದೆ.

2018ರ ಜುಲೈ 16ರಂದು ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನೇ ಏರಿಸಿತು. ಎರಡು ಆಕ್ಸಲ್ಲಿನ ಲಾರಿಗೆ 16.2 ಟನ್ ಇದ್ದದ್ದು 18.5 ಆಯಿತು, ಮೂರು ಆಕ್ಸಲ್ಲಿಗೆ 25 ಇದ್ದದ್ದು 28.5, ಗರಿಷ್ಠ ಮಿತಿ 49ರಿಂದ 55ಕ್ಕೆ ಏರಿತು. ಗಾಡಿಗಳೂ ರಸ್ತೆಗಳೂ ಸುಧಾರಿಸಿವೆ, ಹಳೆಯ ಮಿತಿ ವಾಸ್ತವಕ್ಕೆ ದೂರವಾಗಿದೆ, ದೂರವಿದ್ದಷ್ಟೂ ಲಂಚಕ್ಕೆ ಜಾಗ ಹೆಚ್ಚು ಎಂಬುದು ಪರವಾದ ವಾದ. ಅದರಲ್ಲಿ ಹುರುಳಿದೆ. ಆದರೆ ಮಿತಿ ಏರಿದ ಕೂಡಲೇ ಮಾರುಕಟ್ಟೆಯ ಬಾಡಿಗೆ ದರ ಹೊಸ ಮಿತಿಗೆ ಹೊಂದಿಕೊಂಡಿತು, ಮಿತಿಯ ಮೇಲಿನ ಹೇರು ಮತ್ತೆ ಮೊದಲಿನಂತೆಯೇ ಶುರುವಾಯಿತು ಎಂಬ ಸಾರಿಗೆಯವರ ಮಾತೂ ಸುಳ್ಳಲ್ಲ.

‘ಜೀರೋ ರಿಸ್ಕ್’ ಎಂಬ ಬಳ್ಳಾರಿಯ ಪದ

ಈ ಪದ್ಧತಿ ಪೂರ್ಣವಾಗಿ ಬಲಿತಾಗ ಹೇಗಿರುತ್ತದೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಬಳ್ಳಾರಿ, ಸಂಡೂರು, ಹೊಸಪೇಟೆಯಿಂದ ಕರಾವಳಿಯ ಬೇಲೆಕೇರಿ ಬಂದರಿಗೆ ಕಬ್ಬಿಣದ ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ವರ್ಷಗಳನ್ನು ಹುಬ್ಬಳ್ಳಿ–ಅಂಕೋಲಾ ದಾರಿಯ ಜನ ಮರೆತಿಲ್ಲ. ಅರಬೈಲ್ ಘಾಟಿಯಲ್ಲಿ ಗಂಟೆಗಟ್ಟಲೆ ನಿಂತ ಬಸ್ಸುಗಳು, ಊಟದ ತಟ್ಟೆಯವರೆಗೂ ಬಂದು ಕೂರುತ್ತಿದ್ದ ಕೆಂಪು ಧೂಳು. 2008ರ ಡಿಸೆಂಬರ್ ಮತ್ತು 2011ರ ಜುಲೈನಲ್ಲಿ ಲೋಕಾಯುಕ್ತರು ಕೊಟ್ಟ ವರದಿಗಳು ಅಕ್ರಮ ಗಣಿಗಾರಿಕೆಗೆ ಹೆಸರಾದವು. ಅವುಗಳ ಒಡಲಿನಲ್ಲಿ ಮಿತಿಮೀರಿದ ಹೇರಿನ ದೊಡ್ಡ ಕಥೆಯೂ ಇದೆ. 2006ರಿಂದ 2010ರ ನಡುವೆ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಯಿತು, ನಷ್ಟ ಸುಮಾರು 12,228 ಕೋಟಿ ರೂಪಾಯಿ ಎಂದು ಎರಡನೆಯ ವರದಿ ಲೆಕ್ಕ ಹಾಕಿತು. ಅಷ್ಟೊಂದು ಅದಿರು ಹಾರಿ ಹೋಗಿರಲಿಲ್ಲ. ಅದು ಒಂದೊಂದು ಲಾರಿಯಾಗಿ, ಒಂದೊಂದು ಗೇಟು ದಾಟಿ ಹೋಗಿತ್ತು.

ಆ ವರದಿಯಲ್ಲಿ ಬರುವ ಒಂದು ಪದ ಗಮನಾರ್ಹ. ಅದು ‘ಜೀರೋ ರಿಸ್ಕ್’. ಟನ್ನಿಗೆ ಇಷ್ಟು ಎಂದು ಮಧ್ಯವರ್ತಿಗೆ ಒಮ್ಮೆ ಕೊಟ್ಟುಬಿಟ್ಟರೆ ಗಣಿಯಿಂದ ಬಂದರಿನ ತನಕ ಯಾರೂ ಲಾರಿ ತಡೆಯುವುದಿಲ್ಲ. ಯಾವ ಇಲಾಖೆಗೆ, ಯಾವ ಠಾಣೆಗೆ, ಯಾವ ಗೇಟಿಗೆ ಎಷ್ಟು ಎಂಬ ಹಂಚಿಕೆ ಮಧ್ಯವರ್ತಿಯ ಹೊಣೆ. ಇದನ್ನು ಲಂಚ ಎನ್ನುವುದಕ್ಕಿಂತ ವಿಮೆ ಎನ್ನುವುದು ಹೆಚ್ಚು ಸರಿ. ಸಣ್ಣ ಸಣ್ಣ ಕೈಗಳು ದಾರಿಯುದ್ದಕ್ಕೂ ಚಾಚಿಕೊಂಡಿದ್ದ ವ್ಯವಸ್ಥೆ ಒಂದೇ ಕಂತಿನ ವ್ಯವಸ್ಥೆಯಾಗಿ ಮಾರ್ಪಟ್ಟಿತ್ತು. 2010ರಲ್ಲಿ ಬೇಲೆಕೇರಿಯಲ್ಲಿ ವಶಪಡಿಸಿಕೊಂಡಿದ್ದ ಲಕ್ಷಾಂತರ ಟನ್ ಅದಿರು ಕಾವಲಿನ ನಡುವೆಯೇ ಹಡಗೇರಿ ಹೋದದ್ದು ಅದರ ತಾರ್ಕಿಕ ಮುಕ್ತಾಯ. ಆ ಪ್ರಕರಣದಲ್ಲಿ ಕೆಳ ನ್ಯಾಯಾಲಯದ ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ. ಹದಿನಾಲ್ಕು ವರ್ಷ.

ಲಾರಿ ಲಂಚವನ್ನು ಅಂದಾಜು ಮಾಡಿದ ಅಧ್ಯಯನಗಳು ದೇಶದಲ್ಲಿ ಹೆಚ್ಚಿಲ್ಲ. 2006–07ರ ಸುಮಾರಿಗೆ ನಡೆದ ಒಂದು ಸಮೀಕ್ಷೆ ವರ್ಷಕ್ಕೆ ಸುಮಾರು 22 ಸಾವಿರ ಕೋಟಿ ರೂಪಾಯಿ ಎಂದಿತ್ತು. ರಸ್ತೆ ಸುರಕ್ಷತೆಗಾಗಿ ಕೆಲಸ ಮಾಡುವ ಸಂಸ್ಥೆಯೊಂದು ಹತ್ತು ಸಾರಿಗೆ ಕೇಂದ್ರಗಳಲ್ಲಿ 1,217 ಚಾಲಕರನ್ನು ಮಾತಾಡಿಸಿ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದು ಸುಮಾರು 48 ಸಾವಿರ ಕೋಟಿ. ಚಾಲಕರ ಬಾಯಿಮಾತಿನಿಂದ ದೇಶದ ಲೆಕ್ಕ ಕಟ್ಟಿದ ಅಂಕಿಗಳಿವು. ಎಲ್ಲ ಬಗೆಯ ಲಂಚವೂ ಅದರಲ್ಲಿದೆ, ತೂಕದ್ದಷ್ಟೇ ಅಲ್ಲ. ಅಷ್ಟು ಎಚ್ಚರ ಇಟ್ಟುಕೊಂಡು ಓದಿದರೂ ಗಾತ್ರ ತಿಳಿಯುತ್ತದೆ.

ಎರಡು ಕಡೆಯ ಮಾತು

ಚಾಲಕನ ಬಳಿ ಹೋದರೆ ಅವನು ಹೇಳುವುದು ಸರಳ: ತುಂಬಿದ್ದು ನಾನಲ್ಲ, ಒಲ್ಲೆ ಅಂದರೆ ಹಿಂದೆ ನಿಂತ ಗಾಡಿ ತುಂಬಿಕೊಂಡು ಹೋಗುತ್ತದೆ. ಮಾಲೀಕನ ಮಾತೂ ಅಷ್ಟೇ ಸರಳ. ಸಾಲದ ಕಂತು, ಡೀಸೆಲ್, ಟೈರು, ಎಫ್‌ಸಿ, ವಿಮೆ ಎಲ್ಲವನ್ನೂ ಕಾನೂನಿನ ತೂಕದಲ್ಲಿ ತೂಗಿಸಲು ಇವತ್ತಿನ ಬಾಡಿಗೆ ಸಾಲದು. ಬಾಡಿಗೆ ಸಾಲದಿರುವುದಕ್ಕೆ ಕಾರಣ, ಎಲ್ಲರೂ ಹೆಚ್ಚು ಹೇರುತ್ತಾರೆಂದು ಗೊತ್ತಿದ್ದೇ ಬುಕಿಂಗ್ ಏಜೆಂಟರು ದರ ಕಟ್ಟಿರುವುದು. ಒಂದೆರಡು ಲಾರಿಗಳ ಸಣ್ಣ ಮಾಲೀಕರು ನಮ್ಮ ಸರಕು ಸಾಗಣೆಯ ಬೆನ್ನೆಲುಬು. ಪ್ರಾಮಾಣಿಕನಾಗಲು ಹೊರಟ ಸಣ್ಣ ಮಾಲೀಕ ಮೊದಲು ದಿವಾಳಿಯಾಗುತ್ತಾನೆ. ಲಂಚ ಕೊಡುವವನೂ ಅಪರಾಧಿ ಎಂದು 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿಯಾಯಿತು. ಬಲವಂತಕ್ಕೆ ಕೊಟ್ಟವನು ಏಳು ದಿನದೊಳಗೆ ದೂರು ಕೊಟ್ಟರೆ ರಕ್ಷಣೆಯಿದೆ. ಏಳು ದಿನದಲ್ಲಿ ಆ ಚಾಲಕ ಎರಡು ರಾಜ್ಯ ದಾಟಿ ಹಿಂತಿರುಗಿ ಇನ್ನೊಂದು ಲೋಡಿಗೆ ಹೊರಟಿರುತ್ತಾನೆ. ದೂರು ಕೊಡಬೇಕಾದದ್ದು ಮುಂದಿನ ವಾರವೂ ಅವನು ದಾಟಬೇಕಾದ ಗೇಟಿನ ಮೇಲೆ.

ತಪಾಸಣೆಯ ಕಡೆಯವರ ಮಾತನ್ನೂ ಕೇಳಬೇಕು. ಜನ ಇಂದಿಗೂ ಬ್ರೇಕ್ ಇನ್ಸ್‌ಪೆಕ್ಟರ್ ಎಂದೇ ಕರೆಯುವ ಮೋಟಾರು ವಾಹನ ನಿರೀಕ್ಷಕನಿಗೆ ಲೈಸೆನ್ಸ್ ಪರೀಕ್ಷೆ, ಎಫ್‌ಸಿ, ನೋಂದಣಿ, ಅಪಘಾತ ಪರಿಶೀಲನೆ ಎಲ್ಲ ಮುಗಿದ ಮೇಲೆ ರಸ್ತೆ ಗಸ್ತು. ಲಾರಿಗಳು ಹೊರಡುವುದು ರಾತ್ರಿ. ಹಿಡಿದರೆ ಹತ್ತು ಟನ್ ಜಲ್ಲಿಯನ್ನು ಎಲ್ಲಿ ಇಳಿಸುವುದು, ಯಾರು ಇಳಿಸುವುದು, ಯಾರು ಕಾಯುವುದು? ಟೊಮೆಟೊ ಆದರೆ ಮರುದಿನಕ್ಕೆ ಕೊಳೆಯುತ್ತದೆ, ರೈತನೇ ಬಂದು ಕಾಲು ಹಿಡಿಯುತ್ತಾನೆ. ಖನಿಜದ ಲಾರಿಯಾದರೆ ಅದರ ಹಿಂದೆ ಯಾರಿದ್ದಾರೆಂಬ ಭಯ ಬೇರೆ. 2023ರ ಏಪ್ರಿಲ್‌ನಲ್ಲಿ ತೂತ್ತುಕುಡಿ ಜಿಲ್ಲೆಯಲ್ಲಿ ಮರಳು ಕಳ್ಳರ ಮೇಲೆ ದೂರು ಕೊಟ್ಟಿದ್ದ ಗ್ರಾಮಾಡಳಿತಾಧಿಕಾರಿಯೊಬ್ಬರು ತಮ್ಮ ಕಚೇರಿಯಲ್ಲೇ ಕೊಲೆಯಾದರು. ಅದೇ ವರ್ಷ ಜೂನಿನಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ಬಳಿ ಮರಳಿನ ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಅದರ ಚಕ್ರಕ್ಕೆ ಬಲಿಯಾದರು. ಕೈಚಾಚುವವರ ಇಲಾಖೆಗಳಲ್ಲೇ ಜೀವ ಕೊಟ್ಟವರೂ ಇದ್ದಾರೆ. ಅವರನ್ನು ಮರೆತು ಬರೆಯುವುದು ನ್ಯಾಯವಲ್ಲ.

ವರ್ಗಾವಣೆಯ ವಿಚಾರ ಬೇರೆಯದು. ಗಡಿಯ ಚೆಕ್‌ಪೋಸ್ಟಿನ ಹುದ್ದೆಗೆ ಪೈಪೋಟಿ ಏಕೆಂಬುದು ತಮಿಳುನಾಡು, ಕೇರಳ ಎರಡರಲ್ಲೂ ಎಲ್ಲರೂ ಬಲ್ಲ ಗುಟ್ಟು.

ಗೇಟು ಕಿತ್ತರೆ ಸಾಕೇ?

2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ವಾಣಿಜ್ಯ ತೆರಿಗೆಯ ಗಡಿ ಗೇಟುಗಳು ಹೋದವು. ಸಾರಿಗೆ ಇಲಾಖೆಯ ಚೆಕ್‌ಪೋಸ್ಟುಗಳು ಉಳಿದವು. ಗುಜರಾತ್ 2019ರ ನವೆಂಬರಿನಲ್ಲಿ, ಮಧ್ಯಪ್ರದೇಶ 2024ರ ಜುಲೈನಲ್ಲಿ ಅವನ್ನೂ ಮುಚ್ಚಿದವು. ದಕ್ಷಿಣದಲ್ಲಿಯೂ ಅದೇ ಬೇಡಿಕೆ ಇದೆ. ಜಾಗೃತ ದಳಗಳು ಚೆಕ್‌ಪೋಸ್ಟಿನ ಮೇಲೆ ದಾಳಿ ಮಾಡಿ ಲೆಕ್ಕವಿಲ್ಲದ ನೋಟಿನ ಕಂತೆ ಹಿಡಿದ ಸುದ್ದಿ ಪತ್ರಿಕೆ ಓದುವವರಿಗೆ ಹಳತು. ಗೇಟು ಹೋದರೆ ಲಂಚವೂ ಹೋಗುತ್ತದೆ ಎಂಬ ವಾದ ಆಕರ್ಷಕ.

ಆದರೆ ಇಂಡೋನೇಷ್ಯಾದ ‘ಆಚೆ’ (Aceh) ಎಂಬ ಪ್ರಾಂತ್ಯದ ಅನುಭವ ಎಚ್ಚರಿಸುತ್ತದೆ. ಅಲ್ಲಿ ಇಬ್ಬರು ಸಂಶೋಧಕರು ಲಾರಿಗಳಲ್ಲಿ ವೀಕ್ಷಕರನ್ನು ಕೂರಿಸಿ 304 ಪ್ರಯಾಣಗಳನ್ನು ದಾಖಲಿಸಿದರು. ಆರು ಸಾವಿರಕ್ಕೂ ಹೆಚ್ಚು ಅಕ್ರಮ ಪಾವತಿಗಳು ಲೆಕ್ಕಕ್ಕೆ ಸಿಕ್ಕವು. ತೂಕದ ಕೇಂದ್ರಗಳೂ ಅದರಲ್ಲಿದ್ದವು. 2005ರ ಶಾಂತಿ ಒಪ್ಪಂದದ ಫಲವಾಗಿ ಸೇನೆ ಹಿಂದೆ ಸರಿದಾಗ ದಾರಿಯಲ್ಲಿದ್ದ ಹಲವು ತಡೆಗಳು ಎದ್ದುಹೋದವು. ಉಳಿದ ತಡೆಗಳು ತಮ್ಮ ದರ ಏರಿಸಿಕೊಂಡವು. ಚಾಲಕನ ಬಳಿ ಇನ್ನೆಷ್ಟು ಉಳಿದಿದೆಯೆಂದು ಎಲ್ಲರೂ ಬಲ್ಲರು. ಒಬ್ಬ ಬಿಟ್ಟದ್ದನ್ನು ಮತ್ತೊಬ್ಬ ಕೀಳುತ್ತಾನೆ. ತೇನಿಯ ದಾರಿಯಲ್ಲಿ ಒಂದೇ ಖನಿಜದ ಲಾರಿಯನ್ನು ಸಾರಿಗೆ, ಪೊಲೀಸ್, ಗಣಿ, ಕಂದಾಯ ಇಲಾಖೆಗಳೂ, ಘಾಟಿಯಲ್ಲಿ ಅರಣ್ಯ ಇಲಾಖೆಯೂ, ಗಡಿ ದಾಟಿದ ಮೇಲೆ ಕೇರಳದ ಇಷ್ಟೇ ಇಲಾಖೆಗಳೂ ನಿಲ್ಲಿಸಬಲ್ಲವು. ಇವರಲ್ಲಿ ಒಬ್ಬರ ಗೇಟು ಮುಚ್ಚಿದರೆ ಬಾಡಿಗೆಯಲ್ಲಿ ಮಾಮೂಲಿನ ಪಾಲು ಉಳಿಯುತ್ತದೆ, ಪಡೆಯುವ ಕೈ ಬದಲಾಗುತ್ತದೆ.

ಯಂತ್ರದ ಮೇಲೆ ಭರವಸೆ ಇಡುವವರಿದ್ದಾರೆ. ಮೋಟಾರು ವಾಹನ ಕಾಯ್ದೆಯ 136ಎ ಸೆಕ್ಷನ್ ಮತ್ತು 2021ರ ನಿಯಮಗಳು ಕ್ಯಾಮೆರಾ ಹಾಗೂ ಚಲಿಸುತ್ತಿರುವಾಗಲೇ ತೂಗುವ ಯಂತ್ರಗಳ ಮೂಲಕ ದಂಡ ವಿಧಿಸಲು ಅವಕಾಶ ಕೊಟ್ಟಿವೆ. ಅನೇಕ ಟೋಲ್ ಗೇಟುಗಳಲ್ಲಿ ಅಂಥ ಯಂತ್ರ ನೆಲದಲ್ಲಿ ಹೂತಿದೆ. ಅದು ತೂಕ ಹೇಳುತ್ತದೆ, ಸಂಖ್ಯೆ ಕಣ್ಮುಂದೆ ಬೆಳಗುತ್ತದೆ, ಟೋಲ್ ಕಟ್ಟಿದ ಲಾರಿ ಹೊರಟುಹೋಗುತ್ತದೆ. ಆ ಸಂಖ್ಯೆ ದಂಡ ಹಾಕುವವರ ಕಂಪ್ಯೂಟರಿಗೆ ತಾನಾಗಿ ತಲುಪುವ ಏರ್ಪಾಡು ಇಲ್ಲದಿದ್ದರೆ ಯಂತ್ರ ಮತ್ತೊಬ್ಬ ಮೂಕ ಸಾಕ್ಷಿ. ಗಣಿ ಹಗರಣದ ನಂತರ ಸುಪ್ರೀಂ ಕೋರ್ಟಿನ ಕಣ್ಗಾವಲಿನಲ್ಲಿ ಕರ್ನಾಟಕ ಕಟ್ಟಿಕೊಂಡ ವ್ಯವಸ್ಥೆ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಗಣಿಯ ಗೇಟಿನ ವೇಬ್ರಿಡ್ಜು, ಆನ್‌ಲೈನ್ ಪರ್ಮಿಟ್ಟು, ಲಾರಿಯ ಜಿಪಿಎಸ್ ಮೂರನ್ನೂ ಒಂದೇ ಜಾಲಕ್ಕೆ ಸೇರಿಸಿದ್ದರಿಂದ ಕಬ್ಬಿಣದ ಅದಿರಿನ ಸಾಗಣೆ ಬಹುಮಟ್ಟಿಗೆ ಶಿಸ್ತಿಗೆ ಬಂತು. ಅದಿರಿನ ಗಣಿಗಳು ಕೆಲವೇ, ಕೋರ್ಟಿನ ಕಣ್ಣು ನೇರ. ಜಲ್ಲಿ, ಮರಳಿನ ವಿಷಯದಲ್ಲಿ ಅದೇ ಜಾಲಕ್ಕೆ ರಂಧ್ರಗಳು ಬಿದ್ದಿರುವುದನ್ನೂ ಒಪ್ಪಿಕೊಳ್ಳಬೇಕು. ಒಂದು ಪರ್ಮಿಟ್ಟಿನಲ್ಲಿ ಎರಡು ಟ್ರಿಪ್ ಹೊಡೆಯುವ ಕಲೆ ನಮ್ಮಲ್ಲೂ ಸತ್ತಿಲ್ಲ.

ತುಂಬುವ ಅಂಗಳದಲ್ಲಿ

ಹೆಚ್ಚುವರಿ ಹೇರಿನ ಗುಟ್ಟು ರಸ್ತೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿರುತ್ತದೆ, ಕೊಡುವವನಿಗೆ ಮತ್ತು ತಡೆಯುವವನಿಗೆ. ಇಬ್ಬರಿಗೂ ಅದನ್ನು ಮುಚ್ಚಿಡುವುದೇ ಲಾಭ. ಮೂರನೆಯವರಿಗೆ ತೂಕ ತಿಳಿಯುವ ತನಕ ದಂಡ ಎಷ್ಟು ಏರಿಸಿದರೂ, ಗೇಟು ಎಷ್ಟು ಕಿತ್ತರೂ ಆ ಇಬ್ಬರ ನಡುವಿನ ಒಪ್ಪಂದ ಮುರಿಯದು. ಆದ್ದರಿಂದ ತಪಾಸಣೆಯ ಭಾರವನ್ನು ರಸ್ತೆಯಿಂದ ತುಂಬುವ ಅಂಗಳಕ್ಕೆ ಸಾಗಿಸುವುದೇ ಹೆಚ್ಚು ಫಲಕಾರಿ ಎಂದು ತೋರುತ್ತದೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. 194ನೇ ಸೆಕ್ಷನ್ ಶಿಕ್ಷಿಸುವುದು ಓಡಿಸಿದವನನ್ನು ಮಾತ್ರವಲ್ಲ, ಓಡಿಸಲು ಕಾರಣನಾದವನನ್ನೂ ಬಿಟ್ಟುಕೊಟ್ಟವನನ್ನೂ. 2007ರ ರಸ್ತೆ ಸರಕು ಸಾಗಣೆ ಕಾಯ್ದೆ ನೋಂದಣಿಯ ತೂಕ ಮೀರದಂತೆ ನೋಡಿಕೊಳ್ಳುವ ಹೊಣೆಯನ್ನು ಸಾಗಣೆ ಸಂಸ್ಥೆಗೂ ಹೊರಿಸಿದೆ. ಆದರೂ ಕೇಸು ಬೀಳುವುದು ಸ್ಟಿಯರಿಂಗ್ ಹಿಡಿದವನ ಮೇಲೆ. ಆಸ್ಟ್ರೇಲಿಯಾದ ಬಹುತೇಕ ರಾಜ್ಯಗಳಲ್ಲಿ 2014ರಿಂದ ಜಾರಿಯಲ್ಲಿರುವ ಭಾರಿ ವಾಹನ ಕಾನೂನು ಕಳುಹಿಸಿದವನು, ತುಂಬಿದವನು, ಪಡೆದವನು ಎಲ್ಲರನ್ನೂ ಒಂದೇ ಹೊಣೆಯ ಸರಪಳಿಯಲ್ಲಿ ಕಟ್ಟಿದೆ. ದೊಡ್ಡ ಕೈಗೆ ಬಿಸಿ ಮುಟ್ಟಿದರೆ ಬಾಡಿಗೆಯ ದರವೇ ಕಾನೂನಿನ ತೂಕಕ್ಕೆ ಸರಿಹೊಂದುತ್ತದೆ, ಸಣ್ಣ ಮಾಲೀಕನಿಗೂ ಉಸಿರಾಡಲು ಜಾಗ ಸಿಗುತ್ತದೆ.

ಇದಕ್ಕೂ ಆಕ್ಷೇಪಗಳಿವೆ. ತರಕಾರಿಯ ಲಾರಿ ಒಂದೇ ಅಂಗಳದಲ್ಲಿ ತುಂಬುವುದಿಲ್ಲ. ಒಡ್ಡನ್‌ಛತ್ರಂ ಬಿಟ್ಟ ಮೇಲೂ ದಾರಿಯಲ್ಲಿ ಹತ್ತಾರು ಮೂಟೆ ಹತ್ತುತ್ತವೆ. ಅಲ್ಲಿ ಹೊಣೆ ಯಾರದೆಂದು ಗುರುತಿಸುವುದು ಸುಲಭವಲ್ಲ. ಕ್ರಷರಿನ ವೇಬ್ರಿಡ್ಜು ಕ್ರಷರಿನವನದೇ ಆದಾಗ ಅದರ ಸಂಖ್ಯೆಯನ್ನು ನಂಬುವುದು ಹೇಗೆಂಬ ಪ್ರಶ್ನೆಯೂ ನ್ಯಾಯವಾದದ್ದೇ. ಜೊತೆಗೆ ಎರಡು ರಾಜ್ಯಗಳ ದಾಖಲೆಗಳು ಒಂದನ್ನೊಂದು ನೋಡಬೇಕು. ತೇನಿಯಲ್ಲಿ ಬರೆದ ತೂಕ ಕುಮಳಿಯಲ್ಲಿ ಓದಲು ಸಿಗಬೇಕು. ನೀರಿನ ವಿಷಯದಲ್ಲಿ 1895ರ ಪೆರಿಯಾರ್ ಅಣೆಕಟ್ಟಿನ ಸುತ್ತ ದಶಕಗಳಿಂದ ಜಗ್ಗಾಡುತ್ತಿರುವ ಎರಡು ಸರ್ಕಾರಗಳಿಂದ ಇದನ್ನು ಕೇಳುವುದು ಸಣ್ಣ ಬೇಡಿಕೆಯೇನಲ್ಲ.

ಹಾಗಿದ್ದರೂ ಖನಿಜದ ಲಾರಿಯಲ್ಲಿ ಒಂದು ಅನುಕೂಲವಿದೆ. ನಿಜವಾದ ಅಳತೆ ಆಗಲೇ ಒಂದು ಕಡೆ ದಾಖಲಾಗಿರುತ್ತದೆ. ಕೊಳ್ಳುವವನು ಆರು ಯೂನಿಟ್ಟಿಗೆ ದುಡ್ಡು ಕೊಟ್ಟಿರುತ್ತಾನೆ, ಅವನ ಪುಸ್ತಕದಲ್ಲಿ ಆರೇ ಇರುತ್ತದೆ. ಲಾರಿಯ ಡ್ಯಾಶ್‌ಬೋರ್ಡಿನ ಮೇಲೆ, ದೇವರ ಪಟದ ಹಿಂದೆ ಸಿಕ್ಕಿಸಿದ ಚೀಟಿಯಲ್ಲಿ ನಾಲ್ಕು ಎಂದಿರುತ್ತದೆ.